ಕೂಗಿದ ಕೂಡಲೇ ಟೈಮ್‌ಔಟ್ ಸಿಗುವುದಿಲ್ಲ, ಸಿಗಲೂಬಾರದು: ಸ್ಕೋರರ್ ಒಬ್ಬನ ಬಹಿರಂಗ ಪತ್ರ

ನಮ್ಮ ರಾಜ್ಯದಲ್ಲಿ ಬ್ಯಾಸ್ಕೆಟ್‌ಬಾಲ್ ಟೂರ್ನಿ ನಡೆಸುವ ಕ್ಲಬ್, ಕಾಲೇಜು, ಶಾಲೆಗಳ ಸಂಘಟಕರೇ, ಕೋಚ್‌ಗಳೇ, ರೆಫರಿ ಮಿತ್ರರೇ,

ಎಲ್ಲರಿಗೂ ನಮಸ್ಕಾರ. ನಾನು ಸ್ಕೋರರ್. ಕೋರ್ಟಿನ ಪಕ್ಕ ಟೇಬಲ್ ಹಾಕಿಕೊಂಡು ಸ್ಕೋರ್‌ಶೀಟ್ ಮೇಲೆ ತಲೆ ಬಗ್ಗಿಸಿ ಕೂರುವ ಜನರಲ್ಲಿ ಒಬ್ಬ. ಎರಡೂ ಬೆಂಚ್ ನಮಗೆ ಹತ್ತಿರ. ಹಾಗಾಗಿ ಎರಡೂ ಕಡೆಯ ಬೈಗುಳವೂ ನಮಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಆದರೆ ಈ ಪತ್ರ ಬೈಗುಳದ ಬಗ್ಗೆ ಅಲ್ಲ, ಟೈಮ್‌ಔಟ್ ಬಗ್ಗೆ, ಅಂದರೆ ತಂಡ ಕೇಳಿ ಪಡೆಯುವ ಒಂದು ನಿಮಿಷದ ಬಿಡುವಿನ ಬಗ್ಗೆ.

ನೀವೆಲ್ಲ ನೋಡಿರುವ ದೃಶ್ಯವೇ. ಆಟ ಜೋರಾಗಿ ನಡೆಯುತ್ತಿದೆ. ಚೆಂಡು ಹಿಡಿದ ಹುಡುಗನನ್ನು ಎದುರಾಳಿಗಳು ಇಬ್ಬರು ಸೇರಿ ಮೂಲೆಗೆ ಒತ್ತಿದ್ದಾರೆ. ಅವನ ಕೋಚ್ ಬೆಂಚ್‌ನಿಂದ ಎದ್ದು, ಎರಡೂ ಕೈಯಲ್ಲಿ 'ಟಿ' ಮಾಡಿ, ರೆಫರಿ ಕಡೆ ತಿರುಗಿ "ಟೈಮ್‌ಔಟ್! ಸರ್, ಟೈಮ್‌ಔಟ್!" ಎಂದು ಕೂಗುತ್ತಾರೆ. ರೆಫರಿ ತಿರುಗಿಯೂ ನೋಡುವುದಿಲ್ಲ. ಚೆಂಡು ಕೈ ತಪ್ಪುತ್ತದೆ, ಆ ಕಡೆ ಸುಲಭದ ಲೇ-ಅಪ್ (ಬುಟ್ಟಿಯ ಹತ್ತಿರದಿಂದಲೇ ಹಾಕುವ ಶಾಟ್) ಆಗುತ್ತದೆ. ಆಮೇಲೆ ಶುರು. "ನಾನು ಆಗಲೇ ಕೇಳಿದ್ದೆ ಅಲ್ವಾ? ಇವರಿಗೆ ಕಿವಿ ಕೇಳಿಸುವುದಿಲ್ವಾ?" ಗ್ಯಾಲರಿಯಲ್ಲಿದ್ದ ಅಪ್ಪ ಅಮ್ಮಂದಿರೂ ದನಿಗೂಡಿಸುತ್ತಾರೆ.

ಆ ರೆಫರಿ ಮಾಡಿದ್ದು ಸರಿ. ಸಮಸ್ಯೆ ಇರುವುದು ಇನ್ನೊಬ್ಬರಲ್ಲಿ. ಅದೇ ಟೂರ್ನಿಯಲ್ಲಿ, ಪಕ್ಕದ ಕೋರ್ಟಿನಲ್ಲಿ, ಕೋಚ್ ಕೂಗಿದ ತಕ್ಷಣ ಸೀಟಿ ಊದಿ ಆಟ ನಿಲ್ಲಿಸುವ ರೆಫರಿಯಲ್ಲಿ. ಬೆಳಿಗ್ಗೆ ಕೂಗಿ ಟೈಮ್‌ಔಟ್ ಪಡೆದ ಕೋಚ್ ಸಂಜೆ ಇನ್ನೊಬ್ಬ ರೆಫರಿಯ ಮುಂದೆ ಕೂಗಿ ಪಡೆಯದೇ ಹೋದರೆ ಸಿಟ್ಟು ಬರುವುದು ಸಹಜ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ದಯವಿಟ್ಟು ಎಲ್ಲ ಕಡೆ ಒಂದೇ ನಿಯಮ ನಡೆಯಲಿ. ಆ ನಿಯಮವನ್ನು ಹೊಸದಾಗಿ ಬರೆಯುವ ಅಗತ್ಯವೂ ಇಲ್ಲ, ಆಗಲೇ ಪುಸ್ತಕದಲ್ಲಿದೆ.

ನಾವು ಭಾರತದಲ್ಲಿ ಆಡುವುದು ಫೀಬಾ, ಅಂದರೆ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟದ ನಿಯಮದ ಪ್ರಕಾರ. ಅದರಲ್ಲಿ ಟೈಮ್‌ಔಟ್ ಕೇಳುವ ಹಕ್ಕು ಇರುವುದು ಇಬ್ಬರಿಗೆ ಮಾತ್ರ: ಮುಖ್ಯ ಕೋಚ್ ಮತ್ತು ಮೊದಲ ಸಹಾಯಕ ಕೋಚ್. ಕೇಳಬೇಕಾದದ್ದು ರೆಫರಿಯನ್ನಲ್ಲ, ಸ್ಕೋರರ್‌ನನ್ನು. ಒಂದೋ ಸ್ಕೋರರ್ ಕಣ್ಣಿಗೆ ಕಣ್ಣು ಸೇರಿಸಿ ಕೈಯಲ್ಲಿ ಸನ್ನೆ ಮಾಡಬೇಕು, ಇಲ್ಲ ಟೇಬಲ್ ಹತ್ತಿರ ಬಂದು ಸ್ಪಷ್ಟವಾಗಿ ಕೇಳಬೇಕು. ಆಮೇಲೆ ಕಾಯಬೇಕು. ಚೆಂಡು ಡೆಡ್ ಆಗಿ (ಅಂದರೆ ಆಟದಲ್ಲಿ ಇಲ್ಲದಂತಾಗಿ), ಗಡಿಯಾರ ನಿಂತು, ರೆಫರಿ ಟೇಬಲ್ ಜೊತೆ ಮಾತು ಮುಗಿಸಿದಾಗ ಅವಕಾಶ ತೆರೆಯುತ್ತದೆ. ಆಗ ಟೇಬಲ್‌ನಿಂದ ಬಜರ್ ಹೋಗುತ್ತದೆ, ರೆಫರಿ ಸೀಟಿ ಊದುತ್ತಾರೆ, ನಿಮ್ಮ ಒಂದು ನಿಮಿಷ ಶುರುವಾಗುತ್ತದೆ.

ಕೋಚ್‌ಗಳು ಮರೆಯುವ ಇನ್ನೊಂದು ಬಾಗಿಲೂ ಇದೆ. ನೀವು ಟೈಮ್‌ಔಟ್ ಕೇಳಿ ಕೂತಿದ್ದೀರಿ, ಅಷ್ಟರಲ್ಲಿ ಎದುರಾಳಿ ಬ್ಯಾಸ್ಕೆಟ್ ಹೊಡೆದರು. ಟೇಬಲ್‌ನಲ್ಲಿ ಗಡಿಯಾರ ನೋಡಿಕೊಳ್ಳುವ ಟೈಮರ್ ಅಲ್ಲೇ ಗಡಿಯಾರ ನಿಲ್ಲಿಸಿ ಬಜರ್ ಒತ್ತುತ್ತಾನೆ. ಟೈಮ್‌ಔಟ್ ನಿಮಗೆ. ಎದುರಾಳಿ ಸತತವಾಗಿ ಬ್ಯಾಸ್ಕೆಟ್ ಮೇಲೆ ಬ್ಯಾಸ್ಕೆಟ್ ಹೊಡೆಯುತ್ತಿದ್ದರೆ ಅದನ್ನು ಮುರಿಯೋಕೆ ನಿಮಗೆ ಬೇಕಾದ ಬಾಗಿಲು ಇದೇ. ಆದರೆ ಬ್ಯಾಸ್ಕೆಟ್ ಹೊಡೆದದ್ದು ನಿಮ್ಮವರೇ ಆಗಿದ್ದರೆ ಈ ಬಾಗಿಲು ನಿಮಗಿಲ್ಲ. ಕೊನೆಯ ಕ್ವಾರ್ಟರ್‌ನ ಕೊನೆಯ 2 ನಿಮಿಷದಲ್ಲಿ ಬ್ಯಾಸ್ಕೆಟ್ ಆದ ಮೇಲೆ ಗಡಿಯಾರ ನಿಲ್ಲುತ್ತದೆ ನಿಜ, ಆದರೂ ಹೊಡೆದ ತಂಡಕ್ಕೆ ಟೈಮ್‌ಔಟ್ ಇಲ್ಲ, ರೆಫರಿ ಬೇರೆ ಕಾರಣಕ್ಕೆ ಆಟ ನಿಲ್ಲಿಸಿದ್ದರೆ ಮಾತು ಬೇರೆ. ಈ ಒಂದು ವಿಷಯಕ್ಕೆ ಟೇಬಲ್ ಮುಂದೆ ನಡೆಯುವಷ್ಟು ಜಗಳ ಬೇರೆ ಯಾವುದಕ್ಕೂ ನಡೆಯುವುದಿಲ್ಲ. "ಗಡಿಯಾರ ನಿಂತಿದೆ, ಕೊಡಿ" ಎನ್ನುತ್ತಾರೆ. ಗಡಿಯಾರ ನಿಂತರೆ ಸಾಲದು ಸ್ವಾಮಿ.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ಮೊದಲರ್ಧಕ್ಕೆ 2, ಎರಡನೇ ಅರ್ಧಕ್ಕೆ 3, ಪ್ರತಿ ಹೆಚ್ಚುವರಿ ಅವಧಿಗೆ 1. ಉಳಿದದ್ದನ್ನು ಮುಂದಕ್ಕೆ ಒಯ್ಯುವ ಹಾಗಿಲ್ಲ. ಎರಡನೇ ಅರ್ಧದ ಮೂರರಲ್ಲಿ ಕೊನೆಯ 2 ನಿಮಿಷದಲ್ಲಿ ಬಳಸಬಹುದಾದದ್ದು ಎರಡೇ. ಅಂದರೆ ಮೂರನ್ನೂ ಕೊನೆಗೆ ಅಂತ ಜೋಪಾನವಾಗಿ ಇಟ್ಟುಕೊಂಡರೆ ಒಂದು ಹೋಯಿತು ಅಂತಲೇ ಲೆಕ್ಕ. ಗಡಿಯಾರ 2:00 ತೋರಿಸಿದ ಕೂಡಲೇ ನಾನು ಸ್ಕೋರ್‌ಶೀಟ್‌ನ ಆ ಖಾಲಿ ಚೌಕದಲ್ಲಿ ಎರಡು ಅಡ್ಡಗೆರೆ ಎಳೆಯಬೇಕು. ಅದು ನನ್ನ ಹಠ ಅಲ್ಲ, ನಿಯಮ.

ಈಗ ಆಟಗಾರರ ವಿಷಯ. ಮಕ್ಕಳು ಟಿವಿಯಲ್ಲಿ, ಮೊಬೈಲ್‌ನಲ್ಲಿ ಎನ್‌ಬಿಎ, ಅಂದರೆ ಅಮೆರಿಕದ ವೃತ್ತಿಪರ ಲೀಗ್ ನೋಡುತ್ತಾರೆ. ನೆಲಕ್ಕೆ ಬಿದ್ದು, ಚೆಂಡನ್ನು ಎದೆಗೆ ಅವಚಿಕೊಂಡು, ಒಂದು ಕೈಯಲ್ಲಿ 'ಟಿ' ತೋರಿಸಿದರೆ ಆಟ ನಿಲ್ಲುತ್ತದೆ ಅಂದುಕೊಂಡಿದ್ದಾರೆ. ನಮ್ಮಲ್ಲಿ ಅದಕ್ಕೆ ಮೂರು ಕಾಸಿನ ಬೆಲೆಯೂ ಇಲ್ಲ. ಐವರ ಆಟದಲ್ಲಿ ಆಟಗಾರನಿಗೆ ಟೈಮ್‌ಔಟ್ ಕೇಳುವ ಹಕ್ಕೇ ಇಲ್ಲ. ಮೂವರ ಆಟದಲ್ಲಿ, ಅಂದರೆ 3x3ರಲ್ಲಿ, ಎಲ್ಲ ತಲೆಕೆಳಗು. ಅಲ್ಲಿ ತಂಡಕ್ಕೊಂದೇ ಟೈಮ್‌ಔಟ್, 30 ಸೆಕೆಂಡ್, ಆಟಗಾರರೇ ಕೇಳಬೇಕು. ಕೋಚ್‌ಗೆ ಕೋರ್ಟ್ ಪಕ್ಕ ಜಾಗವೇ ಇಲ್ಲ. ಅಲ್ಲೂ ಚೆಂಡು ಡೆಡ್ ಆದಾಗಲೇ.

ಇಷ್ಟು ಹೇಳಿದರೆ ಕೋಚ್‌ಗಳು ಒಂದು ನ್ಯಾಯವಾದ ಪ್ರಶ್ನೆ ಕೇಳುತ್ತಾರೆ. "ಅಮೆರಿಕದಲ್ಲಿ ಆಟದ ನಡುವೆಯೇ ಕೊಡುತ್ತಾರಲ್ಲ, ಅಲ್ಲಿ ಬ್ಯಾಸ್ಕೆಟ್‌ಬಾಲ್ ಚೆನ್ನಾಗಿ ನಡೆಯುತ್ತಿಲ್ವಾ?" ನಡೆಯುತ್ತಿದೆ. ಆದರೆ ಅಲ್ಲಿ ರೆಫರಿ ಎಷ್ಟು ಕೆಲಸ ಮಾಡಬೇಕು ಅಂತ ಒಮ್ಮೆ ನೋಡಿ.

ಅಮೆರಿಕದ ಹೈಸ್ಕೂಲ್ ಆಟದಲ್ಲಿ ಮುಖ್ಯ ಕೋಚ್ ಬಾಯಲ್ಲಿ ಕೂಗಿಯಾದರೂ ಸರಿ, ಕೈಸನ್ನೆಯಲ್ಲಾದರೂ ಸರಿ, ನೇರವಾಗಿ ರೆಫರಿಯನ್ನೇ ಟೈಮ್‌ಔಟ್ ಕೇಳಬಹುದು. ಆದರೆ ಆಟ ನಡೆಯುತ್ತಿರುವಾಗ ಚೆಂಡು ಆ ತಂಡದ ಆಟಗಾರನ ಹಿಡಿತದಲ್ಲಿದ್ದರೆ ಮಾತ್ರ ರೆಫರಿ ಕೊಡಬೇಕು. ಹಿಡಿತ ಅಂದರೆ ಕೈಯಲ್ಲಿ ಹಿಡಿದಿರಬೇಕು, ಇಲ್ಲ ಡ್ರಿಬಲ್ ಮಾಡುತ್ತಿರಬೇಕು. ಪಾಸ್ ಗಾಳಿಯಲ್ಲಿದ್ದರೆ ಕೊಡುವ ಹಾಗಿಲ್ಲ. ಡ್ರಿಬಲ್ ಕಾಲಿಗೆ ತಗುಲಿ ಚೆಂಡು ದೂರ ಓಡಿದ್ದರೆ ಆಗಲೂ ಇಲ್ಲ. ಶಾಟ್ ಹೊಡೆದು ಚೆಂಡು ರಿಂಗ್ ಕಡೆ ಹೋಗುತ್ತಿದ್ದರೆ ಇಲ್ಲವೇ ಇಲ್ಲ.

ಈಗ ಆ ರೆಫರಿಯ ಜಾಗದಲ್ಲಿ ನಿಂತು ನೋಡಿ. ಬೆನ್ನ ಹಿಂದೆ ಯಾರೋ "ಟೈಮ್‌ಔಟ್" ಅಂದರು. ಅಂದವರು ಮುಖ್ಯ ಕೋಚಾ, ಸಹಾಯಕನಾ, ಬೆಂಚ್‌ನಲ್ಲಿ ಕೂತ ಹುಡುಗನಾ, ಇಲ್ಲ ಹಿಂದಿನ ಸಾಲಿನಲ್ಲಿ ಕೂತ ಯಾರದೋ ಚಿಕ್ಕಪ್ಪನಾ? ತಿಳಿಯಬೇಕಾದರೆ ತಲೆ ತಿರುಗಿಸಬೇಕು. ತಿರುಗಿಸಿದರೆ ಕೋರ್ಟಿನ ಮೇಲಿನ ಕಣ್ಣು ತಪ್ಪುತ್ತದೆ. ಮುಖ್ಯ ಕೋಚ್ ಅಂತ ಖಚಿತ ಆದ ಮೇಲೆ ಮತ್ತೆ ಕೋರ್ಟಿಗೆ ತಿರುಗಿ ಚೆಂಡು ಯಾರ ಹಿಡಿತದಲ್ಲಿದೆ ಅಂತ ನೋಡಬೇಕು. ಆಮೇಲೆ ಸೀಟಿ. ಒತ್ತಡ ಹಾಕುತ್ತಿರುವ ತಂಡಕ್ಕೆ ಚೆಂಡು ಕಸಿಯೋಕೆ ಅಷ್ಟು ಹೊತ್ತು ಧಾರಾಳ. ಚೆಂಡು ಕೈ ಬದಲಾದ ಮೇಲೆ ಸೀಟಿ ಬಂದರೆ ಎದುರಾಳಿ ಕೋಚ್ ಕೂಗುತ್ತಾರೆ. ಕೈ ಬದಲಾಯಿತು ಅಂತ ಸೀಟಿ ಊದದೇ ಬಿಟ್ಟರೆ ಕೇಳಿದ ಕೋಚ್ ಕೂಗುತ್ತಾರೆ. ಯಾರೋ ಒಬ್ಬರು ಕೂಗುವುದಂತೂ ಗ್ಯಾರಂಟಿ.

ನಮ್ಮ ಬಹುತೇಕ ಟೂರ್ನಿಗಳಲ್ಲಿ ಒಂದು ಆಟಕ್ಕೆ ಇಬ್ಬರೇ ರೆಫರಿ. ಒಬ್ಬರು ಬೇಸ್‌ಲೈನ್ ಬಳಿ, ಇನ್ನೊಬ್ಬರು ಆಟದ ಹಿಂದೆ. ಇಬ್ಬರ ನಾಲ್ಕು ಕಣ್ಣಲ್ಲಿ ಹತ್ತು ಆಟಗಾರರನ್ನು ನೋಡಬೇಕು. ಅದರಲ್ಲಿ ಎರಡು ಕಣ್ಣು ಬೆಂಚ್ ಕಡೆ ಹೋದರೆ ಚೆಂಡಿಲ್ಲದ ಜಾಗದಲ್ಲಿ ನಡೆಯುವ ಮೊಣಕೈ ಏಟು, ಅಂಗಿ ಎಳೆದಾಟ ಯಾರಿಗೂ ಕಾಣುವುದಿಲ್ಲ. ಮೊಣಕೈ ತಾಗಿ ತುಟಿ ಒಡೆದ ಹುಡುಗಿಯ ಅಪ್ಪ ಬಂದು ಕೇಳಿದರೆ "ನಾವು ಆಗ ಟೈಮ್‌ಔಟ್ ಯಾರು ಕೇಳಿದ್ದು ಅಂತ ನೋಡುತ್ತಿದ್ದೆವು" ಅಂತ ಹೇಳೋಕಾಗುತ್ತಾ?

ಅಮೆರಿಕದವರಿಗೇ ಈ ವಿಷಯದಲ್ಲಿ ಒಮ್ಮತ ಇಲ್ಲ. ಅಲ್ಲಿನ ಪುರುಷರ ಕಾಲೇಜು ಆಟದಲ್ಲಿ 2015-16ರ ಋತುವಿನಿಂದ ಆಟದ ನಡುವೆ ಟೈಮ್‌ಔಟ್ ಕೇಳುವ ಹಕ್ಕನ್ನು ಕೋಚ್‌ಗಳಿಂದ ತೆಗೆದುಹಾಕಿದರು. ಚೆಂಡು ಆಟದಲ್ಲಿದ್ದರೆ ಆಟಗಾರರೇ ಕೇಳಬೇಕು ಅಂದರು. ಕೋಚ್‌ಗಳು ಸುಮ್ನೆ ಇರಲಿಲ್ಲ. 2019-20ರಲ್ಲಿ ಹಕ್ಕನ್ನು ಅರ್ಧ ವಾಪಸ್ ಕೊಟ್ಟರು: ಎರಡನೇ ಅರ್ಧದ ಕೊನೆಯ 2 ನಿಮಿಷ ಮತ್ತು ಹೆಚ್ಚುವರಿ ಅವಧಿಯ ಕೊನೆಯ 2 ನಿಮಿಷದಲ್ಲಿ ಮಾತ್ರ. ಇನ್ನೂ ಹಿಂದಕ್ಕೆ ಹೋದರೆ ತಮಾಷೆ ಇದೆ. ಅದೇ ಕಾಲೇಜು ಆಟದಲ್ಲಿ 1940ರ ದಶಕದ ಕೊನೆಯವರೆಗೂ ಟೈಮ್‌ಔಟ್ ಹೊತ್ತಿನಲ್ಲಿ ಕೋಚ್ ಆಟಗಾರರ ಜೊತೆ ಮಾತಾಡುವ ಹಾಗೇ ಇರಲಿಲ್ಲ. 1948-49ರಲ್ಲಷ್ಟೇ ಅದಕ್ಕೆ ಅನುಮತಿ ಸಿಕ್ಕಿತು. ಈಗಿನ ಕೆಲವು ಕೋಚ್‌ಗಳನ್ನು ಆ ಕಾಲಕ್ಕೆ ಕಳಿಸಿದರೆ ಏನಾಗಬಹುದು ಅಂತ ಯೋಚಿಸಿ ಟೇಬಲ್‌ನಲ್ಲಿ ನಾವು ಒಳಗೊಳಗೇ ನಗುತ್ತೇವೆ.

ಆಟದ ನಡುವೆ ಕೇಳುವ ಹಕ್ಕು ಎಂಥ ಪಜೀತಿ ತಂದಿಡಬಹುದು ಅನ್ನುವುದಕ್ಕೆ ಕ್ರಿಸ್ ವೆಬರ್ ಕಥೆ ನಿಮಗೆ ಗೊತ್ತಿರಬಹುದು. 1993ರ ಏಪ್ರಿಲ್ 5, ನ್ಯೂ ಆರ್ಲಿಯನ್ಸ್‌ನಲ್ಲಿ ಅಮೆರಿಕದ ಕಾಲೇಜು ಫೈನಲ್. ಮಿಷಿಗನ್ ತಂಡ ನಾರ್ತ್ ಕೆರೊಲೈನಾ ಎದುರು 71-73ರಿಂದ ಹಿಂದಿತ್ತು. 11 ಸೆಕೆಂಡ್ ಉಳಿದಿತ್ತು. ವೆಬರ್ ತನ್ನ ಬೆಂಚ್ ಎದುರಿನ ಮೂಲೆಯಲ್ಲೇ ಇಬ್ಬರ ನಡುವೆ ಸಿಕ್ಕಿಬಿದ್ದು ಟೈಮ್‌ಔಟ್ ಸನ್ನೆ ಮಾಡಿದ. ತಂಡದ ಬಳಿ ಒಂದೂ ಉಳಿದಿರಲಿಲ್ಲ. ಕೇಳಿದ ಮೇಲೆ ರೆಫರಿ ಕೊಡಲೇಬೇಕು, ಕೊಟ್ಟ ಮೇಲೆ, ಇಲ್ಲದ್ದನ್ನು ಕೇಳಿದ್ದಕ್ಕೆ ದಂಡವಾಗಿ ಟೆಕ್ನಿಕಲ್ ಫೌಲ್ ಹಾಕಲೇಬೇಕು. ಎದುರಾಳಿಗೆ ಎರಡು ಫ್ರೀ ಥ್ರೋ (ಯಾರೂ ತಡೆಯದ ಶಾಟ್) ಹೋಯಿತು, ಚೆಂಡೂ ಹೋಯಿತು. ಕೊನೆಗೆ ನಾರ್ತ್ ಕೆರೊಲೈನಾ 77-71ರಿಂದ ಗೆದ್ದಿತು. ಫೀಬಾ ನಿಯಮದಲ್ಲಿ ಆಡಿದ್ದರೆ ಆ ಸನ್ನೆಯನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ, ಆಟ ಮುಂದುವರಿಯುತ್ತಿತ್ತು. ಕೋಚ್ ಬಂದು ಕೇಳಿದ್ದರೂ "ನಿಮ್ಮದು ಮುಗಿದಿದೆ" ಅಂತ ಉತ್ತರ ಸಿಗುತ್ತಿತ್ತು, ಅಷ್ಟೇ. ಕೊನೆಯ ಟೈಮ್‌ಔಟ್ ಖರ್ಚಾದ ಕೂಡಲೇ ರೆಫರಿ ಮೂಲಕ ಕೋಚ್‌ಗೆ ಹೇಳಿಸುವುದು ನಮ್ಮ ಸ್ಕೋರರ್‌ನ ಕೆಲಸ.

ಅದಕ್ಕೆ ತದ್ವಿರುದ್ಧವಾದದ್ದು 2018ರ ಎನ್‌ಬಿಎ ಫೈನಲ್ಸ್‌ನ ಮೊದಲ ಪಂದ್ಯ. ಸ್ಕೋರ್ 107-107. ಫ್ರೀ ಥ್ರೋ ತಪ್ಪಿದಾಗ ಕ್ಲೀವ್‌ಲ್ಯಾಂಡ್‌ನ ಜೆ.ಆರ್. ಸ್ಮಿತ್ ಕೈಗೆ ರಿಬೌಂಡ್ ಸಿಕ್ಕಿತು. ಐದು ಸೆಕೆಂಡ್‌ಗೂ ಕಡಿಮೆ ಇತ್ತು, ಟೈಮ್‌ಔಟೂ ಉಳಿದಿತ್ತು. ಸ್ಮಿತ್ ರಿಂಗ್ ಬಿಟ್ಟು ಆಚೆಗೆ ಚೆಂಡು ಬಡಿದುಕೊಂಡು ಹೋದ. ಆಟಗಾರನೂ ಕೇಳಲಿಲ್ಲ, ಕೋಚೂ ಕೇಳಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ಗೋಲ್ಡನ್ ಸ್ಟೇಟ್ 124-114ರಿಂದ ಗೆದ್ದಿತು. ಆಟದ ನಡುವೆ ಕೇಳುವ ಹಕ್ಕು ಕೈಯಲ್ಲಿದ್ದರೂ ಆ ಒಂದು ಕ್ಷಣದಲ್ಲಿ ಅದು ನೆನಪಾಗಬೇಕಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ನಮ್ಮ ಪದ್ಧತಿಯಲ್ಲಿ ಕೋಚ್‌ಗೆ ಒಂದು ನಷ್ಟ ಇದೆ. ಮೂಲೆಯಲ್ಲಿ ಸಿಕ್ಕಿಬಿದ್ದ ಹುಡುಗನನ್ನು ಹೊರಗಿನಿಂದ ಕೂಗಿ ಪಾರು ಮಾಡೋಕಾಗುವುದಿಲ್ಲ. 8 ಸೆಕೆಂಡ್‌ನಲ್ಲಿ ಅರ್ಧ ಕೋರ್ಟ್ ದಾಟಲಾರದೆ ಒದ್ದಾಡುತ್ತಿರುವ ತಂಡವನ್ನು ಟೈಮ್‌ಔಟ್ ಉಳಿಸುವುದಿಲ್ಲ. ನನ್ನ ಕೇಳಿದರೆ ಅದೇ ಚೆನ್ನ. ಇಬ್ಬರು ಓಡಿ ಬಂದು, ಕೈ ಎತ್ತಿ, ಸರಿಯಾದ ಜಾಗದಲ್ಲಿ ಬಲೆ ಹಾಕಿದ್ದಾರೆ. ಅದು ಅವರ ಶ್ರಮ. ಹೊರಗೆ ನಿಂತ ಒಬ್ಬರ ಕೂಗಿನಿಂದ ಅದು ಯಾಕೆ ಹಾಳಾಗಬೇಕು? ಒಮ್ಮೆ ಒಂದು ಅಂತರ ಕಾಲೇಜು ಟೂರ್ನಿಯಲ್ಲಿ ಹೀಗೇ ಆಯಿತು. ಹಿಂದಿದ್ದ ತಂಡದ ಹುಡುಗಿಯರು ಪೂರ್ತಿ ಕೋರ್ಟ್ ಒತ್ತಡ ಹಾಕಿ ಚೆಂಡು ಕಸಿದುಕೊಂಡರು. ಅದೇ ಹೊತ್ತಿಗೆ ಎದುರು ಕೋಚ್ ಕೂಗಿದ್ದು ಕೇಳಿ ರೆಫರಿ ಸೀಟಿ ಊದಿದರು. ಲೇ-ಅಪ್ ಬಿದ್ದಿತ್ತು, ಲೆಕ್ಕಕ್ಕೆ ಬರಲಿಲ್ಲ. ಟೇಬಲ್‌ಗೆ ಯಾವ ಕೋರಿಕೆಯೂ ಬಂದಿರಲಿಲ್ಲ. ರೆಫರಿ ನನ್ನ ಕಡೆ ನೋಡಿದರು, ನಾನು ತಲೆ ಅಲ್ಲಾಡಿಸಿದೆ. ಆದರೂ ಊದಿದ ಸೀಟಿಯನ್ನು ವಾಪಸ್ ತೆಗೆದುಕೊಳ್ಳೋಕಾಗುತ್ತಾ? ಆ ಹುಡುಗಿಯರ ನಾಯಕಿ ಬಂದು "ಸರ್, ನಾವು ಮಾಡಿದ ತಪ್ಪೇನು?" ಅಂತ ಕೇಳಿದಳು. ಯಾರ ಬಳಿಯೂ ಉತ್ತರ ಇರಲಿಲ್ಲ.

ಇಲ್ಲಿಯವರೆಗೆ ಕೋಚ್‌ಗಳಿಗೆ ಮತ್ತು ರೆಫರಿಗಳಿಗೆ ಹೇಳಿದೆ. ಈಗ ನಮ್ಮ ಟೇಬಲ್ ಕಡೆಗೆ ಬರುತ್ತೇನೆ. ಯಾಕೆಂದರೆ ಫೀಬಾ ಪದ್ಧತಿ ರೆಫರಿಯ ಹೆಗಲಿನ ಭಾರ ಇಳಿಸಿ ಟೇಬಲ್ ಮೇಲೆ ಇಡುತ್ತದೆ. ಟೇಬಲ್ ಸರಿ ಇಲ್ಲದಿದ್ದರೆ ಏನಾಗುತ್ತದೆ? ಅದಕ್ಕೂ ಉದಾಹರಣೆ ಇದೆ. ಇಡೀ ಆಟದ ಚರಿತ್ರೆಯಲ್ಲೇ ಅದಕ್ಕಿಂತ ದೊಡ್ಡದು ಸಿಗುವುದಿಲ್ಲ.

1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲ್. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ. ಒಲಿಂಪಿಕ್ಸ್‌ನಲ್ಲಿ ಅಮೆರಿಕ ಅದುವರೆಗೆ ಆಡಿದ 63 ಪಂದ್ಯಗಳಲ್ಲಿ ಒಂದನ್ನೂ ಸೋತಿರಲಿಲ್ಲ. 3 ಸೆಕೆಂಡ್ ಉಳಿದಿದ್ದಾಗ ಡಗ್ ಕಾಲಿನ್ಸ್ ಎರಡು ಫ್ರೀ ಥ್ರೋ ಹಾಕಿ ಅಮೆರಿಕಕ್ಕೆ 50-49ರ ಮುನ್ನಡೆ ತಂದುಕೊಟ್ಟ. ಎರಡನೇ ಥ್ರೋ ಹೊತ್ತಿಗೆ ಟೇಬಲ್‌ನಿಂದ ಹಾರ್ನ್ ಕೇಳಿಸಿತು. ಆಟ ನಿಲ್ಲಲಿಲ್ಲ. ತಾವು ಟೈಮ್‌ಔಟ್ ಕೇಳಿದ್ದೆವು, ಕೊಡಲಿಲ್ಲ ಅಂತ ಸೋವಿಯತ್ ಬೆಂಚ್‌ನವರು ಟೇಬಲ್‌ಗೆ ನುಗ್ಗಿದರು. ಒಂದೇ ಸೆಕೆಂಡ್ ಬಾಕಿ ಇರುವಾಗ ರೆಫರಿ ಆಟ ನಿಲ್ಲಿಸಿದರು. ಆಗ ಫೀಬಾ ಪ್ರಧಾನ ಕಾರ್ಯದರ್ಶಿ ವಿಲಿಯಂ ಜೋನ್ಸ್ ಇಳಿದು ಬಂದು ಗಡಿಯಾರಕ್ಕೆ 3 ಸೆಕೆಂಡ್ ವಾಪಸ್ ಹಾಕಿಸಿದರು. ಗಡಿಯಾರ ಸರಿಯಾಗಿ ಹೊಂದಿಸುವ ಮುಂಚೆಯೇ ಆಟ ಶುರುವಾಗಿ ಹಾರ್ನ್ ಹೊಡೆಯಿತು. ಅಮೆರಿಕದವರು ಗೆದ್ದೆವು ಅಂತ ಕುಣಿದರು. ಮತ್ತೆ ನಿಲ್ಲಿಸಿ ಇನ್ನೊಮ್ಮೆ 3 ಸೆಕೆಂಡ್ ಕೊಟ್ಟರು. ಇವಾನ್ ಎಡೆಷ್ಕೊ ಒಂದು ತುದಿಯಿಂದ ಇನ್ನೊಂದು ತುದಿಗೆ ಎಸೆದ ಚೆಂಡನ್ನು ಅಲೆಕ್ಸಾಂಡರ್ ಬೆಲೊವ್ ಹಿಡಿದು ಬುಟ್ಟಿಗೆ ಹಾಕಿದ. 51-50. ಬ್ರೆಜಿಲ್‌ನ ರೆಫರಿ ರೆನಾಟೊ ರಿಗೆಟ್ಟೊ ಸ್ಕೋರ್‌ಶೀಟ್‌ಗೆ ಸಹಿ ಹಾಕಲಿಲ್ಲ. ಅಮೆರಿಕದ ಮೇಲ್ಮನವಿ 3-2 ಮತಗಳಿಂದ ಬಿದ್ದುಹೋಯಿತು. ಅಮೆರಿಕದ ಆಟಗಾರರು ಬೆಳ್ಳಿ ಪದಕ ಮುಟ್ಟಲಿಲ್ಲ, ಇವತ್ತಿಗೂ ತೆಗೆದುಕೊಂಡಿಲ್ಲ.

ಯಾರು ಸರಿ ಅನ್ನುವ ವಾದ ಅರ್ಧ ಶತಮಾನ ದಾಟಿದರೂ ಮುಗಿದಿಲ್ಲ, ನಾನೂ ಅದಕ್ಕೆ ಕೈ ಹಾಕುವುದಿಲ್ಲ. ನನಗೆ ಅದರಲ್ಲಿ ಕಾಣುವುದು ಒಬ್ಬ ಕೋಚ್‌ನ ಟೈಮ್‌ಔಟ್ ಕೋರಿಕೆ ಮತ್ತು ಸರಿಯಾದ ಕ್ಷಣದಲ್ಲಿ ರೆಫರಿಗೆ ತಲುಪದ ಒಂದು ಹಾರ್ನ್. ಬೆಂಚ್, ಟೇಬಲ್, ರೆಫರಿ ಈ ಮೂವರ ನಡುವಿನ ದಾರ ಒಂದು ಕಡೆ ಕಡಿಯಿತು. ಒಲಿಂಪಿಕ್ಸ್ ಫೈನಲ್‌ನಲ್ಲೇ ಹೀಗಾದರೆ ನಮ್ಮ ಊರಿನ ಸಿಮೆಂಟ್ ಕೋರ್ಟಿನಲ್ಲಿ ಆಗುವುದಿಲ್ವಾ?

ಆಗುತ್ತದೆ. ಯಾಕೆ ಅಂತ ಸಂಘಟಕರಿಗೆ ಗೊತ್ತು. ಆಟ ಶುರುವಾಗೋಕೆ ಹತ್ತು ನಿಮಿಷ ಇರುವಾಗ "ಏಯ್, ನೀನು ಬಾರಪ್ಪ, ಸ್ಕೋರ್ ಬರಿ" ಅಂತ ಯಾರನ್ನೋ ಎಳೆದು ತಂದು ಕೂರಿಸುತ್ತೀರಿ. ಅವನು ಇದೇ ಕಾಲೇಜಿನ ಜೂನಿಯರ್. ಟೈಮ್‌ಔಟ್ ಕೇಳುತ್ತಿರುವ ಕೋಚ್ ಅವನಿಗೆ ಪಾಠ ಮಾಡುವ ಪಿ.ಇ. ಮೇಷ್ಟ್ರೇ ಆಗಿದ್ದರೆ "ಸರ್, ಈಗ ಆಗುವುದಿಲ್ಲ, ಚೆಂಡು ಹೊರಗಿನಿಂದ ಥ್ರೋ-ಇನ್ ಮಾಡುವವರ ಕೈಗೆ ಹೋಗಿದೆ" ಅಂತ ಹೇಳೋಕೆ ಅವನಿಗೆ ಬಾಯಿ ಬರುತ್ತದಾ? ಬರುವುದಿಲ್ಲ. ಅವನು ಗಾಬರಿಯಿಂದ ಬಜರ್ ಒತ್ತುತ್ತಾನೆ. ಎಷ್ಟೋ ಕಡೆ ಶಾಟ್ ಕ್ಲಾಕ್‌ಗೂ (ಶಾಟ್ ಹೊಡೆಯೋಕೆ ಇರುವ 24 ಸೆಕೆಂಡ್ ಎಣಿಸುವ ಗಡಿಯಾರ) ಟೇಬಲ್‌ಗೂ ಒಂದೇ ಥರದ ಸದ್ದು. ಆಟಗಾರರು 24 ಸೆಕೆಂಡ್ ಮುಗಿಯಿತು ಅಂತ ಅರ್ಧಕ್ಕೆ ನಿಂತುಬಿಡುತ್ತಾರೆ. ಆಟ ನಡೆಯುತ್ತಿರುವಾಗ ಸ್ಕೋರರ್ ಕಡೆಯಿಂದ ತಪ್ಪಾಗಿ ಸದ್ದು ಬಂದರೆ ಅದರಿಂದ ಆಟವೂ ನಿಲ್ಲುವುದಿಲ್ಲ, ಚೆಂಡೂ ಡೆಡ್ ಆಗುವುದಿಲ್ಲ. ಇದು ಎಷ್ಟು ಆಟಗಾರರಿಗೆ ಗೊತ್ತು?

ಕೊನೆಯ ಎರಡು ನಿಮಿಷದಲ್ಲಿ ಟೇಬಲ್‌ನ ತಪ್ಪು ಇನ್ನೂ ದುಬಾರಿ. ನಾಲ್ಕನೇ ಕ್ವಾರ್ಟರ್‌ನಲ್ಲಿ 2:00 ಅಥವಾ ಅದಕ್ಕಿಂತ ಕಡಿಮೆ ಉಳಿದಿದ್ದಾಗ, ತನ್ನ ಹಿಂದಿನ ಅರ್ಧ ಕೋರ್ಟಿನಿಂದ ಚೆಂಡು ಹಾಕಬೇಕಾದ ತಂಡ ಟೈಮ್‌ಔಟ್ ತೆಗೆದುಕೊಂಡರೆ, ಆಮೇಲೆ ಮುಂದಿನ ಅರ್ಧದ ಥ್ರೋ-ಇನ್ ಗೆರೆಯಿಂದ ಹಾಕುವ ಆಯ್ಕೆ ಕೋಚ್‌ಗೆ ಸಿಗುತ್ತದೆ. ಇಡೀ ಅರ್ಧ ಕೋರ್ಟ್ ಉಚಿತ. ಜೊತೆಗೆ ಶಾಟ್ ಕ್ಲಾಕ್ ಎಷ್ಟಕ್ಕೆ ಇಳಿಯಬೇಕು, 14ಕ್ಕೋ ಇದ್ದಷ್ಟಕ್ಕೋ ಅನ್ನುವ ಲೆಕ್ಕ. ಒಂದು ಅಂಕದ ಆಟದಲ್ಲಿ ಇದು ಗೆಲುವು ಸೋಲಿನ ಮಾತು. ಇದನ್ನು ಅರ್ಧ ಗಂಟೆಯ ತರಬೇತಿಯೂ ಇಲ್ಲದ ಹುಡುಗನ ಮೇಲೆ ಬಿಡುವುದು ಅವನಿಗೂ ಅನ್ಯಾಯ.

ಒಳ್ಳೆಯ ಟೇಬಲ್ ಹೇಗಿರುತ್ತದೆ ಅಂತ ನೋಡೋಕೆ ನಾವು ಪರದೇಶಕ್ಕೆ ಹೋಗಬೇಕಿಲ್ಲ. 2017ರಲ್ಲೂ 2019ರಲ್ಲೂ ಫೀಬಾ ಮಹಿಳಾ ಏಷ್ಯಾ ಕಪ್ ಬೆಂಗಳೂರಿನಲ್ಲೇ ನಡೆಯಿತು. 2017ರಲ್ಲಿ ನಮ್ಮ ಹುಡುಗಿಯರು ಕಝಾಕಿಸ್ತಾನವನ್ನು 75-73ರಿಂದ ಸೋಲಿಸಿ ಬಿ ಡಿವಿಷನ್ ಗೆದ್ದಿದ್ದು ನಿಮಗೆ ನೆನಪಿರಬೇಕು. ಎರಡು ಅಂಕದ ಅಂತರದ ಫೈನಲ್. ಅಂಥ ಪಂದ್ಯಗಳ ವಿಡಿಯೊ ಸಿಕ್ಕರೆ ಒಮ್ಮೆ ಚೆಂಡನ್ನು ಬಿಟ್ಟು ಟೇಬಲ್ ಮತ್ತು ರೆಫರಿಗಳನ್ನೇ ನೋಡಿ. ಪ್ರತಿ ಸಲ ಚೆಂಡು ಡೆಡ್ ಆದಾಗ ರೆಫರಿಯ ಕಣ್ಣು ಒಮ್ಮೆ ಟೇಬಲ್ ಕಡೆ ಹೋಗಿ ಬರುತ್ತದೆ. ಅಷ್ಟೇ ಬೇಕಾಗಿರುವುದು. ನಮ್ಮ ಕೆಲವು ರೆಫರಿಗಳು ಚೆಂಡು ಹೊರಗೆ ಹೋದ ಕೂಡಲೇ ಆಟ ಬೇಗ ಮುಗಿದರೆ ಸಾಕು ಅನ್ನುವ ಹಾಗೆ ಚೆಂಡನ್ನು ಆಟಗಾರನ ಕೈಗೆ ಕೊಟ್ಟುಬಿಡುತ್ತಾರೆ. ಕೊಟ್ಟ ಕ್ಷಣಕ್ಕೇ ಟೈಮ್‌ಔಟ್ ಬಾಗಿಲು ಮುಚ್ಚುತ್ತದೆ. ನಾವು ಬಜರ್ ಮೇಲೆ ಕೈ ಇಟ್ಟುಕೊಂಡು ನಿಮ್ಮ ಮುಖ ನೋಡುತ್ತಾ ಕೂತಿರುತ್ತೇವೆ ಸರ್. ಒಂದು ಸೆಕೆಂಡ್ ಈ ಕಡೆ ನೋಡಿ.

ಕೋಚ್‌ಗಳಿಗೆ ಇನ್ನೊಂದು ಮಾತು. ಕೇಳಿದ ಟೈಮ್‌ಔಟ್ ಬೇಡ ಅನ್ನಿಸಿದರೆ ವಾಪಸ್ ತೆಗೆದುಕೊಳ್ಳಬಹುದು, ಆದರೆ ಬಜರ್ ಹೋಗುವ ಮುಂಚೆ. ನೀವು ಕೇಳುತ್ತೀರಿ, ಗಡಿಯಾರ ನಿಲ್ಲುವುದೇ ಇಲ್ಲ. ಅಷ್ಟರಲ್ಲಿ ನಿಮ್ಮ ಹುಡುಗ ಎರಡು ಮೂರು-ಅಂಕದ ಶಾಟ್ ಹಾಕಿರುತ್ತಾನೆ, ತಂಡಕ್ಕೆ ಹುರುಪು ಬಂದಿರುತ್ತದೆ. ಆಗ ಬಜರ್ ಹೋದರೆ "ಯಾರು ಕೇಳಿದ್ರು ಈಗ?" ಅಂತ ನಮ್ಮ ಮೇಲೆ ಹಾರುತ್ತೀರಿ. ನೀವೇ ಕೇಳಿದ್ದು ಸರ್. ಬೇಡವಾದಾಗ ಒಂದು ಕೈ ಬೀಸಿ ಹೇಳಿದ್ದರೆ ಮುಗಿಯುತ್ತಿತ್ತು. ಮತ್ತೆ, ಟೈಮ್‌ಔಟ್ ಸಿಗಲಿಲ್ಲ ಅಂತ ಹುಡುಗನಿಗೆ ಶೂ ಲೇಸ್ ಬಿಚ್ಚಿಕೋ, ಕಾಲು ಹಿಡಿದುಕೊಂಡು ಕೂರು ಅಂತ ಸನ್ನೆ ಮಾಡುವುದೂ ನಮಗೆ ಕಾಣುತ್ತದೆ. ಆ ಚಾಳಿ ದೊಡ್ಡವರಲ್ಲೂ ಇದೆ ಬಿಡಿ. 2013ರಲ್ಲಿ ಎನ್‌ಬಿಎಯ ಬ್ರೂಕ್ಲಿನ್ ಕೋಚ್ ಆಗಿದ್ದ ಜೇಸನ್ ಕಿಡ್, ಟೈಮ್‌ಔಟ್ ಖಾಲಿಯಾಗಿದ್ದಾಗ ತನ್ನದೇ ಆಟಗಾರ ಬಂದು ಡಿಕ್ಕಿ ಹೊಡೆಯುವ ಹಾಗೆ ಮಾಡಿ ಕೈಯಲ್ಲಿದ್ದ ಪಾನೀಯವನ್ನು ಕೋರ್ಟ್ ಮೇಲೆ ಚೆಲ್ಲಿದರು. ನೆಲ ಒರೆಸುವಷ್ಟು ಹೊತ್ತು ಬಿಡುವು ಸಿಕ್ಕಿತು. 50,000 ಡಾಲರ್ ದಂಡವೂ ಬಿತ್ತು. ನಮ್ಮ ಟೂರ್ನಿಗಳ ಬಹುಮಾನದ ಹಣದಲ್ಲಿ ಅಷ್ಟು ದುಬಾರಿ ಪಾನೀಯ ಚೆಲ್ಲೋಕೆ ಯಾರಿಗೂ ಆಗುವುದಿಲ್ಲ.

ಸಂಘಟಕರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಟೂರ್ನಿಯ ಹಿಂದಿನ ದಿನ ತಂಡಗಳ ಮ್ಯಾನೇಜರ್‌ಗಳನ್ನು ಕರೆದು ಊಟ, ವಸತಿ, ಜೆರ್ಸಿ ಬಣ್ಣ ಎಲ್ಲ ಮಾತಾಡುತ್ತೀರಿ. ಅಲ್ಲೇ ಎರಡು ನಿಮಿಷ ತೆಗೆದುಕೊಂಡು, ಟೈಮ್‌ಔಟ್ ಟೇಬಲ್ ಮೂಲಕವೇ, ಕೂಗಿದರೆ ಸಿಗುವುದಿಲ್ಲ, ಮಕ್ಕಳ ಟೂರ್ನಿಯಲ್ಲೂ ಇದೇ ನಿಯಮ ಅಂತ ಹೇಳಿಬಿಡಿ. "ಚಿಕ್ಕ ಮಕ್ಕಳು, ಹೊಂದಿಕೊಂಡು ಹೋಗೋಣ" ಅನ್ನುವ ರಿಯಾಯಿತಿಯಿಂದಲೇ ಇದೆಲ್ಲ ಶುರುವಾಗುವುದು. 14 ವರ್ಷದೊಳಗಿನವರ ಆಟದಲ್ಲಿ ಕೂಗಿ ಗೆದ್ದ ಕೋಚ್ ಮುಂದೆ ರಾಜ್ಯ ಮಟ್ಟದಲ್ಲೂ ಕೂಗುತ್ತಾರೆ. ಟೇಬಲ್‌ಗೆ ಆಡುವ ಎರಡೂ ತಂಡಕ್ಕೆ ಸಂಬಂಧ ಇಲ್ಲದವರನ್ನು ಕೂರಿಸಿ. ಅವರನ್ನು ಒಂದು ಸಂಜೆ ಮುಂಚೆ ಕರೆಸಿ, ಯಾರಾದರೂ ಹಿರಿಯ ರೆಫರಿಯಿಂದ ಬಜರ್ ಯಾವಾಗ ಒತ್ತಬೇಕು, ಯಾವಾಗ ಒತ್ತಬಾರದು ಅಂತ ಕೈಯಲ್ಲಿ ಮಾಡಿಸಿ ತೋರಿಸಿ. ರೆಫರಿಗಳಿಗೆ ಕೊಡುವ ಭತ್ಯೆಯ ಅರ್ಧವಾದರೂ ಅವರಿಗೆ ಕೊಡಿ. ಒಂದು ಪ್ಯಾಕೆಟ್ ಬಿಸ್ಕತ್ತು, ಒಂದು ಟೀ ಕೊಟ್ಟು ಇಡೀ ದಿನ ಬಿಸಿಲಲ್ಲಿ ಕೂರಿಸಿದರೆ ಮಧ್ಯಾಹ್ನದ ನಾಲ್ಕನೇ ಆಟದಲ್ಲಿ ಲೆಕ್ಕ ತಪ್ಪುತ್ತದೆ. ಪ್ರತಿ ತಂಡದ ಎಷ್ಟು ಟೈಮ್‌ಔಟ್ ಉಳಿದಿದೆ ಅಂತ ಎಲ್ಲರಿಗೂ ಕಾಣುವ ಹಾಗೆ ಒಂದು ರಟ್ಟಿನ ಮೇಲೆ ಬರೆದು ನಿಲ್ಲಿಸಿದರೂ ಅರ್ಧ ಜಗಳ ಕಡಿಮೆಯಾಗುತ್ತದೆ. ಸ್ಕೋರ್‌ಬೋರ್ಡ್ ಇಲ್ಲದ ಕಡೆಯೂ ಇದು ಆಗುತ್ತದೆ. ಖರ್ಚು ಒಂದು ಮಾರ್ಕರ್ ಪೆನ್.

ರೆಫರಿ ಮಿತ್ರರೇ, ನಿಮ್ಮಲ್ಲಿ ಕೇಳುವುದು ಇನ್ನೂ ಕಡಿಮೆ. ಆಟ ನಡೆಯುವಾಗ ಬೆಂಚ್‌ನಿಂದ "ಟೈಮ್‌ಔಟ್" ಅಂತ ಕೇಳಿಸಿದರೆ ಓಡುತ್ತಲೇ ಒಂದು ಕೈಯಲ್ಲಿ ಟೇಬಲ್ ಕಡೆ ತೋರಿಸಿ, ಮಾತು ಬೇಡ. ಮುಂದಿನ ಡೆಡ್ ಬಾಲ್‌ಗೆ ನಮ್ಮ ಕಡೆ ನೋಡಿ. ಕೋರಿಕೆ ಬಂದಿದ್ದರೆ ನಾನು ಎದ್ದು ನಿಂತು 'ಟಿ' ಮಾಡಿ ಯಾವ ಬೆಂಚ್ ಅಂತ ಕೈ ಚಾಚಿ ತೋರಿಸುತ್ತೇನೆ. ಬಂದಿಲ್ಲದಿದ್ದರೆ ಕೂತೇ ಇರುತ್ತೇನೆ, ನೀವು ಚೆಂಡು ಕೊಟ್ಟು ಆಟ ಮುಂದುವರಿಸಿ. ಕೋಚ್ ಬಂದು ನನ್ನನ್ನು ಬೈದರೆ ಬೈಯಲಿ, ಸ್ಕೋರ್‌ಶೀಟ್ ತೋರಿಸಿ ಉತ್ತರ ಹೇಳುವ ಜವಾಬ್ದಾರಿ ನನ್ನದು.

ಇಂತಿ ನಿಮ್ಮವ,
ಟೇಬಲ್‌ನಲ್ಲಿ ಕೂರುವ ಒಬ್ಬ ಸ್ಕೋರರ್